ಕೆಲಸ ಹೋದ ಮೇಲೆ ಕಾರಿನ ವಿಮೆ: ಖರ್ಚು ಏರುವುದು ಎಲ್ಲಿ, ಇಳಿಸಬಹುದಾದದ್ದು ಎಲ್ಲಿ?

ಪ್ರಶ್ನೆ: ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದೆ. ಕಳೆದ ತಿಂಗಳು ನನ್ನಿಂದಲೂ ಇನ್ನೂ ಹಲವರಿಂದಲೂ ರಾಜೀನಾಮೆ ಬರೆಸಿಕೊಂಡು ಕಳುಹಿಸಿದರು. ನನ್ನ ಬಳಿ 1,197 ಸಿಸಿಯ ಪೆಟ್ರೋಲ್ ಕಾರು ಇದೆ. ಕೊಂಡು ನಾಲ್ಕು ವರ್ಷ ತುಂಬುತ್ತ ಬಂತು. ಸಾಲದ ಕಂತು ಇನ್ನೂ ಒಂದು ವರ್ಷ ಬಾಕಿ ಇದೆ. ಈವರೆಗೆ ಒಂದು ಕ್ಲೈಮ್ ಕೂಡ ಮಾಡಿಲ್ಲ. ಮೂರು ವಾರದಲ್ಲಿ ಪಾಲಿಸಿ ಮುಗಿಯುತ್ತದೆ. ಇಂಗ್ಲೆಂಡಿನಲ್ಲಿರುವ ನನ್ನ ಭಾವ ಕೆಲಸ ಕಳೆದುಕೊಂಡಾಗ ಅವರ ಕಾರಿನ ವಿಮೆ ದುಬಾರಿಯಾಯಿತಂತೆ. ಇಲ್ಲಿಯೂ ಹಾಗಾಗುವುದೇ? ಕೆಲಸ ಹೋಗಿರುವುದನ್ನು ವಿಮಾ ಕಂಪನಿಗೆ ತಿಳಿಸಬೇಕೇ? ಸದ್ಯಕ್ಕೆ ಥರ್ಡ್ ಪಾರ್ಟಿ ಮಾತ್ರ ಮಾಡಿಸಿ, ಇಲ್ಲವೇ ಕೆಲವು ತಿಂಗಳು ಹಾಗೆಯೇ ಬಿಟ್ಟು, ಕೆಲಸ ಸಿಕ್ಕ ಮೇಲೆ ಪೂರ್ತಿ ಪಾಲಿಸಿ ಮಾಡಿಸಬಹುದೇ? ನನ್ನ ಜೊತೆಗೇ ಹೊರಬಂದ ಸ್ನೇಹಿತರೊಬ್ಬರಿಗೆ ಅವರು ಓಡಿಸುತ್ತಿದ್ದ ಕಂಪನಿಯ ಕಾರನ್ನೇ ಕೊಳ್ಳುವ ಅವಕಾಶವಿದೆ. ಅವರ ವಿಮೆಯ ವಿಷಯ ಏನು?

ಉತ್ತರ: ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಭಾರತದಲ್ಲಿ ಕೆಲಸ ಹೋಯಿತೆಂಬ ಒಂದೇ ಕಾರಣಕ್ಕೆ ನಿಮ್ಮ ಕಾರಿನ ಪ್ರೀಮಿಯಂ ಏರುವುದಿಲ್ಲ. ಆದರೆ ಜನರಲ್ ಇನ್ಶೂರೆನ್ಸ್ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಮೋಟಾರ್ ವಿಭಾಗದ ಕಡತಗಳನ್ನೇ ನೋಡಿದವನಾಗಿ ನಾನು ಕಂಡದ್ದೇನೆಂದರೆ, ಕೆಲಸ ಕಳೆದುಕೊಂಡವರ ವಿಮೆಯ ಖರ್ಚು ಮುಂದಿನ ನಾಲ್ಕೈದು ವರ್ಷ ಏರಿಯೇ ಇರುತ್ತದೆ. ಅದಕ್ಕೆ ಕಾರಣ, ಕೈ ಬಿಗಿಯಾದ ಮೊದಲ ಮೂರು ತಿಂಗಳಲ್ಲಿ ಅವರು ಎಲ್ಲಿ ಉಳಿತಾಯ ಮಾಡಬಾರದೋ ಅಲ್ಲಿಯೇ ಮಾಡಿರುವುದು. ನಿಮಗೆ ಇನ್ನೂ ಮೂರು ವಾರ ಸಮಯವಿದೆ ಎಂಬುದು ಒಳ್ಳೆಯ ಸಂಗತಿ.

ನಿಮ್ಮ ಪಾಲಿಸಿಯಲ್ಲಿ ಎರಡು ಭಾಗಗಳಿವೆ. ಒಂದು, ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ ಸಂಬಂಧಿಸಿದ ಥರ್ಡ್ ಪಾರ್ಟಿ ಭಾಗ. ಇದರ ದರವನ್ನು ಯಾವ ಕಂಪನಿಯೂ ತನ್ನಷ್ಟಕ್ಕೆ ನಿಗದಿ ಮಾಡುವಂತಿಲ್ಲ. ಸರ್ಕಾರವೇ ಅಧಿಸೂಚನೆ ಹೊರಡಿಸಿ ಗೊತ್ತುಪಡಿಸುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯ ಪ್ರಕಾರ ಖಾಸಗಿ ಕಾರಿಗೆ ವರ್ಷಕ್ಕೆ 1,000 ಸಿಸಿವರೆಗೆ 2,094 ರೂಪಾಯಿ, 1,000ದಿಂದ 1,500 ಸಿಸಿವರೆಗೆ 3,416 ರೂಪಾಯಿ, ಅದಕ್ಕೂ ದೊಡ್ಡ ಎಂಜಿನ್ನಿಗೆ 7,897 ರೂಪಾಯಿ. ಕಾರಿನ ಯಜಮಾನ ಜಿಲ್ಲಾಧಿಕಾರಿಯಾದರೂ ನಿರುದ್ಯೋಗಿಯಾದರೂ ಈ ಅಂಕಿ ಬದಲಾಗುವುದಿಲ್ಲ. ಇನ್ನೊಂದು, ನಿಮ್ಮ ಕಾರಿಗೇ ಆಗುವ ಹಾನಿ, ಬೆಂಕಿ, ಪ್ರವಾಹ, ಕಳವು ಇವುಗಳಿಗೆ ಸಂಬಂಧಿಸಿದ ಓನ್ ಡ್ಯಾಮೇಜ್ ಭಾಗ. ಇದರ ದರವನ್ನು 2007ರ ಜನವರಿಯಿಂದ ಕಂಪನಿಗಳ ವಿವೇಚನೆಗೆ ಬಿಡಲಾಗಿದೆ. ಹಾಗಿದ್ದರೂ ಲೆಕ್ಕದ ಮುಖ್ಯ ಆಧಾರಗಳು ಹಳೆಯವೇ: ಕಾರಿನ ಮಾದರಿ, ಎಂಜಿನ್ ಗಾತ್ರ, ವಯಸ್ಸು, ನೋಂದಣಿಯಾದ ಊರು, ಐಡಿವಿ ಎಂದು ಕರೆಯುವ ವಿಮಾ ಮೌಲ್ಯ, ಮತ್ತು ನೀವು ಕ್ಲೈಮ್ ಮಾಡದೆ ಕಳೆದ ವರ್ಷಗಳು. ಕಾರನ್ನು ನೋಡಿ ಬೆಲೆ ಕಟ್ಟುತ್ತಾರೆಯೇ ಹೊರತು ಯಜಮಾನನ ಸಂಬಳದ ಚೀಟಿಯನ್ನು ನೋಡಿ ಅಲ್ಲ.

ನಿಮ್ಮ ಭಾವನವರು ಹೇಳಿದ್ದು ಸುಳ್ಳಲ್ಲ, ಆದರೆ ಅದು ಅಲ್ಲಿಯ ಪದ್ಧತಿ. ಬ್ರಿಟನ್ನಿನಲ್ಲಿ ಪ್ರೀಮಿಯಂ ಲೆಕ್ಕ ಹಾಕುವಾಗ ಅರ್ಜಿದಾರರ ಉದ್ಯೋಗವನ್ನು ಕೇಳುತ್ತಾರೆ, ಮತ್ತು ನಿರುದ್ಯೋಗಿ ಎಂದು ನಮೂದಿಸಿದವರಿಗೆ ಹಲವು ಕಂಪನಿಗಳು ಹೆಚ್ಚಿನ ದರ ಹೇಳುವುದುಂಟು. ಅಲ್ಲಿ ಆ ಪ್ರಶ್ನೆಗೆ ನಿಜವನ್ನೇ ಹೇಳಬೇಕು; ಸುಳ್ಳು ಹೇಳಿದರೆ ಪರಿಹಾರಕ್ಕೇ ಕುತ್ತು ಬರುತ್ತದೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಸಾಲ ತೀರಿಸುವ ಚರಿತ್ರೆಯಿಂದ ತೆಗೆದ ಅಂಕವೊಂದನ್ನು ಕಾರಿನ ವಿಮೆಗೂ ಬಳಸುತ್ತಾರೆ. ಕೆಲಸ ಹೋದದ್ದು ಆ ಅಂಕದಲ್ಲಿ ನೇರವಾಗಿ ಕಾಣದು. ಕೆಲಸ ಹೋದ ಮೇಲೆ ತಪ್ಪಿದ ಕಂತುಗಳು ಕಾಣುತ್ತವೆ. ಕ್ಯಾಲಿಫೋರ್ನಿಯಾ, ಮ್ಯಾಸಚೂಸೆಟ್ಸ್, ಹವಾಯಿ ರಾಜ್ಯಗಳು ಈ ಬಳಕೆಗೆ ಅವಕಾಶ ಕೊಟ್ಟಿಲ್ಲ. ಅಲ್ಲಿರುವ ನಮ್ಮವರಿಗೆ ಒಂದು ಅನುಕೂಲವೂ ಇದೆ: ಕಚೇರಿಗೆ ಓಡಾಟ ನಿಂತು ಮೈಲಿ ಕಡಿಮೆಯಾಗಿದ್ದರೆ ಅದನ್ನು ತಿಳಿಸಿ ದರ ಇಳಿಸಿಕೊಳ್ಳಬಹುದು. ಅಂತರ್ಜಾಲದಲ್ಲಿ ಈ ವಿಷಯ ಹುಡುಕಿದರೆ ಸಿಗುವ ಬರಹಗಳು ಹೆಚ್ಚಾಗಿ ಈ ಎರಡು ದೇಶಗಳವೇ ಆದ್ದರಿಂದ ನಮ್ಮಲ್ಲಿ ಅನಗತ್ಯ ಗಾಬರಿ ಹುಟ್ಟುತ್ತದೆ.

ಹಾಗಾದರೆ ಇಲ್ಲಿ ಕಂಪನಿಗೆ ತಿಳಿಸಬೇಕೇ? ಚಾಲ್ತಿಯಲ್ಲಿರುವ ಕಾರಿನ ಪಾಲಿಸಿಯ ನಡುವೆ ಕೆಲಸ ಹೋಯಿತೆಂದು ಪತ್ರ ಬರೆಯುವ ಅಗತ್ಯವಿಲ್ಲ. ನವೀಕರಣದ ಅರ್ಜಿಯಲ್ಲಿ ಉದ್ಯೋಗದ ಕಲಂ ಇದ್ದರೆ, ಅಥವಾ ನಿಮ್ಮ ಸಂಸ್ಥೆಯ ನೌಕರರಿಗೆಂದೇ ಬ್ರೋಕರ್ ಮೂಲಕ ಸಿಗುತ್ತಿದ್ದ ರಿಯಾಯಿತಿಯನ್ನು ನೀವು ಪಡೆಯುತ್ತಿದ್ದರೆ, ಇಂದಿನ ಸ್ಥಿತಿಯನ್ನೇ ಬರೆಯಿರಿ. ಆ ರಿಯಾಯಿತಿ ಹೋದರೆ ಹೋಗಲಿ. ಅದರ ಆಸೆಗೆ ತಪ್ಪು ಮಾಹಿತಿ ಕೊಟ್ಟ ಅರ್ಜಿಗೆ ಸಹಿ ಮಾಡುವುದು ಬೇಡ.

ಆದರೆ ಕೆಲಸದ ಜೊತೆಗೇ ನಿಜವಾಗಿ ಕಳೆದುಹೋಗುವ ಒಂದು ವಿಷಯವಿದೆ, ಅದನ್ನು ಬಹುತೇಕರು ಗಮನಿಸುವುದಿಲ್ಲ. ಕಾರಿನ ಯಜಮಾನನೇ ಚಾಲಕನಾಗಿದ್ದಾಗ ಅವನಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಕಡ್ಡಾಯ. 2019ರ ಜನವರಿಯಿಂದ ಇದನ್ನು ಕಾರಿನ ಪಾಲಿಸಿಯಿಂದ ಬೇರೆಯಾಗಿ ಕೊಳ್ಳಬಹುದು, ಮತ್ತು ಅಷ್ಟು ಮೊತ್ತದ ಬೇರೆ ಅಪಘಾತ ಪಾಲಿಸಿ ಈಗಾಗಲೇ ಇದ್ದವರು ಬೇಡವೆನ್ನಬಹುದು. ಆನ್‌ಲೈನಿನಲ್ಲಿ ನವೀಕರಿಸುವಾಗ ಎಷ್ಟೋ ಜನ ಕಚೇರಿಯ ಗ್ರೂಪ್ ಅಪಘಾತ ವಿಮೆಯನ್ನು ನೆನೆದು ‘ನನಗೆ ಬೇರೆ ಪಾಲಿಸಿ ಇದೆ’ ಎಂಬ ಚೌಕಕ್ಕೆ ಗುರುತು ಹಾಕಿ ಕೆಲವು ನೂರು ರೂಪಾಯಿ ಉಳಿಸಿರುತ್ತಾರೆ. ಆ ಗ್ರೂಪ್ ವಿಮೆ ನೌಕರಿಯ ಜೊತೆಗೇ ಮುಗಿಯುತ್ತದೆ. ನೀವೂ ಹಾಗೆ ಗುರುತು ಹಾಕಿದ್ದರೆ, ನವೀಕರಣದ ತನಕ ಕಾಯದೆ ಈ ವಾರವೇ ಆ ವಿಮೆಯನ್ನು ಪ್ರತ್ಯೇಕವಾಗಿ ಕೊಳ್ಳಿ. ಮನೆಗೆ ಒಬ್ಬರದೇ ದುಡಿಮೆ, ಅದೂ ನಿಂತಿರುವ ಕಾಲದಲ್ಲಿ, ನಾನು ಕೈಯಿಟ್ಟು ಕತ್ತರಿಸಲು ಒಪ್ಪದ ಖರ್ಚು ಇದೊಂದು.

ಇನ್ನೊಂದು ಸಣ್ಣ ವಿಷಯ. ಸಣ್ಣದಾದರೂ ಇದರಿಂದಾಗಿಯೇ ಹಾಳಾದ ಪ್ರಕರಣಗಳನ್ನು ಕಂಡಿದ್ದೇನೆ. ಪಾಲಿಸಿಗೆ ಕೊಟ್ಟಿರುವ ಇ-ಮೇಲ್ ಕಚೇರಿಯದ್ದಾಗಿದ್ದರೆ, ನವೀಕರಣದ ನೆನಪೋಲೆ ಈಗ ಯಾರೂ ತೆರೆಯದ ಪೆಟ್ಟಿಗೆಗೆ ಹೋಗಿ ಬೀಳುತ್ತಿರುತ್ತದೆ. ಪ್ರೀಮಿಯಂ ತಾನಾಗಿ ಕಡಿತವಾಗಲೆಂದು ಸಂಬಳದ ಖಾತೆಗೆ ಜೋಡಿಸಿದ್ದರೆ ಆ ಖಾತೆಯಲ್ಲಿ ಹಣ ಇರುವುದಿಲ್ಲ. 1938ರ ವಿಮಾ ಕಾಯ್ದೆಯ 64ವಿಬಿ ಕಲಮಿನ ಪ್ರಕಾರ ಪ್ರೀಮಿಯಂ ಕೈಸೇರದ ಹೊರತು ಕಂಪನಿ ಹೊಣೆ ಹೊರುವಂತಿಲ್ಲ. ನೀವು ಕಟ್ಟಿದ್ದೀರೆಂದು ಭಾವಿಸಿದ್ದು ಲೆಕ್ಕಕ್ಕೆ ಬಾರದು. ಇಂದೇ ಸ್ವಂತ ಇ-ಮೇಲ್, ಸ್ವಂತ ಮೊಬೈಲ್ ಸಂಖ್ಯೆ ಕೊಟ್ಟು ದಾಖಲೆ ತಿದ್ದಿಸಿ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ: ಕೆಲವು ತಿಂಗಳು ಬಿಟ್ಟು ಮಾಡಿಸಬಹುದೇ? ಬೇಡ. ಪಾಲಿಸಿ ಮುಗಿದ ದಿನದ ಮಧ್ಯರಾತ್ರಿಯಿಂದ ನಿಮ್ಮ ಕಾರಿಗೆ ಯಾವ ರಕ್ಷಣೆಯೂ ಇರುವುದಿಲ್ಲ. ‘90 ದಿನ ಸಮಯ ಇದೆಯಂತಲ್ಲ’ ಎಂದು ಹೇಳುವವರು ಸಿಗುತ್ತಾರೆ. ಆ 90 ದಿನ, ಕ್ಲೈಮ್ ಮಾಡದವರಿಗೆ ಸಿಗುವ ರಿಯಾಯಿತಿಯಾದ ನೋ ಕ್ಲೈಮ್ ಬೋನಸ್ ಉಳಿಸಿಕೊಳ್ಳಲು ಇರುವ ಗಡುವು ಮಾತ್ರ. ಆ ಅವಧಿಯಲ್ಲಿ ಅಪಘಾತವಾದರೆ ಕಂಪನಿ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಥರ್ಡ್ ಪಾರ್ಟಿ ವಿಮೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವಾಹನ ಬಳಸುವುದನ್ನು ನಿಷೇಧಿಸುತ್ತದೆ, ಮತ್ತು 196ನೇ ಕಲಮಿನಡಿ ಮೊದಲ ಬಾರಿಗೆ 2,000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 4,000 ರೂಪಾಯಿ ದಂಡ, ಅಥವಾ ಮೂರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡೂ ಆಗಬಹುದು. ದಂಡದ ಮಾತು ಹಾಗಿರಲಿ, ಒಬ್ಬ ಪಾದಚಾರಿಗೆ ನಿಮ್ಮ ಕಾರು ತಾಗಿ ಸಾವು ಸಂಭವಿಸಿದರೆ ಅಪಘಾತ ಪರಿಹಾರ ನ್ಯಾಯಮಂಡಳಿ ವಿಧಿಸುವ ಪರಿಹಾರ ಲಕ್ಷಗಳಲ್ಲಿರುತ್ತದೆ, ಕೆಲವೊಮ್ಮೆ ಕೋಟಿಯನ್ನೂ ಮುಟ್ಟುತ್ತದೆ. ವಿಮೆ ಇಲ್ಲದಿದ್ದರೆ ಅದನ್ನು ಮನೆ ಮಾರಿಯಾದರೂ ಯಜಮಾನನೇ ಕಟ್ಟಬೇಕು.

ಬೋನಸ್ಸಿನ ಲೆಕ್ಕವನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಕೆಲಸ ಹೋದವರು ಅರಿಯದೆ ಕಳೆದುಕೊಳ್ಳುವ ದೊಡ್ಡ ಆಸ್ತಿ ಇದೇ. ಕ್ಲೈಮ್ ಇಲ್ಲದ ಒಂದು ವರ್ಷಕ್ಕೆ ಓನ್ ಡ್ಯಾಮೇಜ್ ಪ್ರೀಮಿಯಂ ಮೇಲೆ ಶೇ 20, ಎರಡಕ್ಕೆ ಶೇ 25, ಮೂರಕ್ಕೆ ಶೇ 35, ನಾಲ್ಕಕ್ಕೆ ಶೇ 45, ಐದಕ್ಕೆ ಶೇ 50 ರಿಯಾಯಿತಿ. ಅದರ ಮೇಲೆ ಏರಿಕೆಯಿಲ್ಲ. ನಾಲ್ಕು ವರ್ಷ ಕ್ಲೈಮ್ ಮಾಡದ ನಿಮಗೆ ಈ ನವೀಕರಣದಲ್ಲಿ ಶೇ 45 ಸಿಗಬೇಕು. ಲೆಕ್ಕ ಸುಲಭವಾಗಲೆಂದು ನಿಮ್ಮ ಕಾರಿನ ಓನ್ ಡ್ಯಾಮೇಜ್ ಪ್ರೀಮಿಯಂ ಬೋನಸ್ ಕಳೆಯುವ ಮೊದಲು 10,000 ರೂಪಾಯಿ ಎಂದಿಟ್ಟುಕೊಳ್ಳೋಣ. ಸಮಯಕ್ಕೆ ನವೀಕರಿಸಿದರೆ ಈ ವರ್ಷ 5,500 ರೂಪಾಯಿ, ಮುಂದೆ ಕ್ಲೈಮ್ ಇಲ್ಲದಿದ್ದರೆ ಪ್ರತಿ ವರ್ಷ 5,000 ರೂಪಾಯಿ. ಪಾಲಿಸಿ ಮುಗಿದು 90 ದಿನ ದಾಟಿದ ಮೇಲೆ ಮಾಡಿಸಿದರೆ ಬೋನಸ್ ಸೊನ್ನೆಗೆ ಇಳಿಯುತ್ತದೆ, ಮತ್ತು ಮೊದಲ ಮೆಟ್ಟಿಲಿನಿಂದ ಮತ್ತೆ ಹತ್ತಬೇಕು. ಆಗ ನೀವು ಹೆಚ್ಚಿಗೆ ಕಟ್ಟುವುದು ಮೊದಲ ವರ್ಷ 4,500, ಆಮೇಲೆ ಕ್ರಮವಾಗಿ 3,000, 2,500, 1,500, 500 ರೂಪಾಯಿ. ಐದು ವರ್ಷಕ್ಕೆ 12,000. ಶೇ 18ರ ಜಿಎಸ್‌ಟಿ ಸೇರಿಸಿದರೆ 14,160. ಕಾರು ಹಳೆಯದಾದಂತೆ ಅದರ ಮೌಲ್ಯ ಇಳಿಯುವುದರಿಂದ ವಾಸ್ತವದಲ್ಲಿ ಅಂಕಿ ಸ್ವಲ್ಪ ಕಡಿಮೆಯಾಗಬಹುದು, ಆದರೆ ನಷ್ಟದ ರೂಪ ಇದೇ. ಇದರ ಜೊತೆಗೆ, ಒಂದು ದಿನ ತಪ್ಪಿದರೂ ಕಾರಿನ ತಪಾಸಣೆ ಆಗಬೇಕು. ಹಳೆಯ ಗೀರು, ತಗ್ಗುಗಳನ್ನೆಲ್ಲ ಬರೆದುಕೊಂಡು, ಅವಕ್ಕೆ ಮುಂದೆ ಪರಿಹಾರವಿಲ್ಲವೆಂದು ಹೇಳಿಯೇ ಪಾಲಿಸಿ ಕೊಡುತ್ತಾರೆ.

ಒಬ್ಬರು ನನ್ನ ಮುಂದೆ ಕುಳಿತು ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎಣಿಸಿದ್ದು ನೆನಪಿದೆ. ಮೂರು ತಿಂಗಳೆಂದರೆ 90 ದಿನ ಎಂದು ಅವರು ತಿಳಿದಿದ್ದರು. ನಡುವೆ 31 ದಿನದ ಎರಡು ತಿಂಗಳು ಬಂದು ಗಡುವು ಎರಡು ದಿನದ ಹಿಂದೆ ಮುಗಿದಿತ್ತು. ಶೇ 50ರ ಬೋನಸ್ ಎರಡು ದಿನಕ್ಕೆ ಹೋಯಿತು. ಗಡುವಿಗೆ ಕಾಯುವ ಯೋಚನೆಯೇ ಬೇಡವೆನ್ನುವುದು ಇದಕ್ಕೇ.

ಥರ್ಡ್ ಪಾರ್ಟಿ ಮಾತ್ರ ಮಾಡಿಸುವ ನಿಮ್ಮ ಯೋಚನೆ ಕಾನೂನಿಗೆ ವಿರುದ್ಧವಲ್ಲ, ಆದರೆ ನಿಮ್ಮ ಕಾರಿಗೆ ಹೊಂದುವುದಿಲ್ಲ. ಅಪಘಾತ ವಿಮೆಯನ್ನು ಬದಿಗಿಟ್ಟು ಲೆಕ್ಕ ಹಾಕಿದರೆ, ನಿಮ್ಮ ಎಂಜಿನ್ ಗಾತ್ರಕ್ಕೆ ಅದು ಜಿಎಸ್‌ಟಿ ಸೇರಿ ಸುಮಾರು 4,031 ರೂಪಾಯಿ. ಮೇಲಿನ ಉದಾಹರಣೆಯ ಪೂರ್ತಿ ಪಾಲಿಸಿ ಸುಮಾರು 10,521 ರೂಪಾಯಿ. ಈಗ ಕೈಯಲ್ಲಿ ಉಳಿಯುವುದು 6,490 ರೂಪಾಯಿ. ಓನ್ ಡ್ಯಾಮೇಜ್ ಭಾಗ ಮುಗಿದು 90 ದಿನ ಕಳೆದರೆ ಬೋನಸ್ ಹೋಗುವ ನಿಯಮ ಇಲ್ಲಿಯೂ ಅನ್ವಯಿಸುವುದರಿಂದ, ಉಳಿಸಿದ್ದರ ಎರಡರಷ್ಟನ್ನು ಮುಂದಿನ ವರ್ಷಗಳಲ್ಲಿ ಮರಳಿ ಕಟ್ಟುತ್ತೀರಿ. ಆ ನಡುವೆ ಒಂದು ಮಳೆಗಾಲ ಬಂದು ತಗ್ಗಿನ ಪಾರ್ಕಿಂಗ್‌ನಲ್ಲಿ ನೀರು ನುಗ್ಗಿದರೆ ಆಗುವ ಖರ್ಚನ್ನು ನಾನು ಇಲ್ಲಿ ಸೇರಿಸಿಲ್ಲ. ಎಲ್ಲಕ್ಕಿಂತ ಮೊದಲಿಗೆ ನೋಡಬೇಕಾದದ್ದು ಸಾಲದ ಕರಾರು. ಕಾರು ಬ್ಯಾಂಕಿಗೆ ಹೈಪೋಥಿಕೇಷನ್ ಆಗಿರುವಾಗ, ಅಂದರೆ ಸಾಲಕ್ಕೆ ಆಧಾರವಾಗಿರುವಾಗ, ಪೂರ್ತಿ ವಿಮೆ ಇಟ್ಟುಕೊಳ್ಳಲೇಬೇಕೆಂಬ ಷರತ್ತು ಆ ಕರಾರಿನಲ್ಲಿ ಸಾಮಾನ್ಯವಾಗಿ ಇರುತ್ತದೆ. ಕಾರು ಕಳುವಾದರೂ ಕಂತು ನಿಲ್ಲುವುದಿಲ್ಲ. ಸಂಬಳವಿಲ್ಲದೆ, ಕಾರೂ ಇಲ್ಲದೆ, ಸಾಲ ಮಾತ್ರ ಉಳಿಯುವ ಸ್ಥಿತಿ ಯಾರಿಗೂ ಬೇಡ. ಸಾಲ ತೀರಿದ, ಹತ್ತು ಹನ್ನೆರಡು ವರ್ಷದ ಕಾರಾಗಿದ್ದರೆ ಥರ್ಡ್ ಪಾರ್ಟಿ ಸಾಕು ಎಂದು ನಾನೇ ಹೇಳುತ್ತಿದ್ದೆ.

ಹಾಗಾದರೆ ಎಲ್ಲಿ ಕತ್ತರಿ ಹಾಕಬಹುದು? ನನ್ನ ಮಟ್ಟಿಗೆ ಮೊದಲು ನೋಡಬೇಕಾದದ್ದು ಕಾರಿನ ಓಡಾಟ. ದಿನವೂ ಜಯನಗರದಿಂದ ವೈಟ್‌ಫೀಲ್ಡಿಗೆ ಹೋಗಿ ಬರುತ್ತಿದ್ದ ಕಾರು ಈಗ ವಾರಕ್ಕೆರಡು ಬಾರಿ ಮಾರುಕಟ್ಟೆಗೆ ಹೋದರೆ ಹೆಚ್ಚು. 2022ರ ಜುಲೈನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಓಡಿಸಿದಷ್ಟಕ್ಕೆ ಪ್ರೀಮಿಯಂ ಕಟ್ಟುವ ಪದ್ಧತಿಗೆ ಅನುಮತಿ ಕೊಟ್ಟಿದೆ. ವರ್ಷಕ್ಕೆ ಇಷ್ಟು ಕಿಲೋಮೀಟರ್ ಎಂದು ಮೊದಲೇ ಆರಿಸಿಕೊಂಡರೆ ಓನ್ ಡ್ಯಾಮೇಜ್ ಭಾಗ ಅದಕ್ಕೆ ತಕ್ಕಂತೆ ಇಳಿಯುತ್ತದೆ. ಆರಿಸಿಕೊಂಡ ದೂರ ಮುಗಿದ ಮೇಲೆ ಏನಾಗುತ್ತದೆ, ಮತ್ತಷ್ಟು ಕಿಲೋಮೀಟರ್ ಕೊಳ್ಳಲು ಎಷ್ಟು ಖರ್ಚು ಎಂಬುದನ್ನು ಕೇಳಿಯೇ ಸಹಿ ಮಾಡಿ. ಜೂನ್‌ನಲ್ಲಿ ಹೊಸ ಕೆಲಸ ಸಿಕ್ಕಿ ಓಡಾಟ ಮತ್ತೆ ಶುರುವಾದರೆ, ಆ ಮಿತಿ ದೀಪಾವಳಿಗೇ ಮುಗಿದಿರಬಹುದು.

ಎರಡನೆಯದು ಹೆಚ್ಚುವರಿ ಕವರುಗಳು. ಕೀ ಕಳೆದರೆ, ಟೈರು ಒಡೆದರೆ ಎಂಬಂಥವುಗಳನ್ನು ಈ ವರ್ಷ ಧೈರ್ಯವಾಗಿ ಬಿಡಿ. ರಸ್ತೆ ಬದಿಯ ನೆರವು ಕಾರು ತಯಾರಕರಿಂದಲೇ ಇದೆಯೇ ನೋಡಿ, ಇದ್ದರೆ ಎರಡು ಬಾರಿ ಕಟ್ಟುವುದು ದಂಡ. ಆದರೆ ಜನ ‘ಬಂಪರ್ ಟು ಬಂಪರ್’ ಎನ್ನುವ, ಭಾಗಗಳ ಸವಕಳಿ ಕಳೆಯದೆ ಪರಿಹಾರ ಕೊಡುವ ಜೀರೋ ಡೆಪ್ರಿಸಿಯೇಷನ್ ಬಿಡುವ ಮುನ್ನ ಯೋಚಿಸಿ. ಅದಿಲ್ಲದಿದ್ದರೆ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳ ಬೆಲೆಯಲ್ಲಿ ಅರ್ಧ ನಿಮ್ಮದು. ನಾಲ್ಕು ವರ್ಷ ದಾಟಿದ ಕಾರಿನ ಲೋಹದ ಭಾಗಗಳಲ್ಲಿ ಶೇ 35 ನಿಮ್ಮದು. ಇಂದಿನ ಕಾರುಗಳ ಮುಂಭಾಗವೆಲ್ಲ ಪ್ಲಾಸ್ಟಿಕ್ಕೇ ಆಗಿರುವಾಗ ಇದು ಸಣ್ಣ ಮೊತ್ತವಲ್ಲ. ಬೆಂಗಳೂರಿನ ಸಂಚಾರದಲ್ಲಿ ಓಡಿಸುವವರಿಗೆ ಇಟ್ಟುಕೊಳ್ಳಿ ಎನ್ನುತ್ತೇನೆ. ಕಾರನ್ನು ಹೆಚ್ಚಾಗಿ ನಿಲ್ಲಿಸಿಯೇ ಇಡುವವರು ಬಿಡಬಹುದು.

ಸ್ವಯಂ ಇಚ್ಛೆಯ ಕಡಿತವೆಂಬುದೊಂದಿದೆ. ಪ್ರತಿ ಕ್ಲೈಮಿನಲ್ಲಿ ನಿಮ್ಮ ಗಾತ್ರದ ಕಾರಿಗೆ ಮೊದಲ 1,000 ರೂಪಾಯಿ ಹೇಗೂ ನಿಮ್ಮ ಪಾಲು. ಅದರ ಮೇಲೆ ಇನ್ನಷ್ಟನ್ನು ನಾನೇ ಹೊರುತ್ತೇನೆಂದು ಒಪ್ಪಿದರೆ ಪ್ರೀಮಿಯಂ ಇಳಿಯುತ್ತದೆ. ಎಲ್ಲ ಕಂಪನಿಗಳಿಗೂ ಒಂದೇ ಆಗಿದ್ದ ದರ-ನಿಯಮಗಳ ಪಟ್ಟಿ, ಅಂದರೆ ಹಳೆಯ ಮೋಟಾರ್ ಟ್ಯಾರಿಫ್‌ನ ಲೆಕ್ಕದಲ್ಲಿ 2,500 ರೂಪಾಯಿ ಹೊರುವವರಿಗೆ ಶೇ 20, ಗರಿಷ್ಠ 750 ರೂಪಾಯಿ ರಿಯಾಯಿತಿ; 15,000 ಹೊರುವವರಿಗೆ ಶೇ 35, ಗರಿಷ್ಠ 2,500 ರೂಪಾಯಿ. ಕೈಯಲ್ಲಿ ನಗದು ಕಡಿಮೆ ಇರುವ ಹೊತ್ತಿನಲ್ಲಿ 2,500 ರೂಪಾಯಿಗೋಸ್ಕರ 15,000ದ ಹೊರೆ ತಲೆಯ ಮೇಲೆ ಎಳೆದುಕೊಳ್ಳುವುದು ಜಾಣತನವೆಂದು ನನಗೆ ಅನಿಸದು. ಐಡಿವಿಯನ್ನು ಇಳಿಸಿ ಪ್ರೀಮಿಯಂ ತಗ್ಗಿಸುವ ಸಲಹೆಯೂ ಹೀಗೆಯೇ. ಕಾರು ಕಳುವಾದಾಗ, ಅಥವಾ ದುರಸ್ತಿಯ ಖರ್ಚು ಐಡಿವಿಯ ಶೇ 75 ದಾಟಿ ಕಾರು ಪೂರ್ತಿ ಹೋಯಿತೆಂದು ತೀರ್ಮಾನವಾದಾಗ ಸಿಗುವುದು ಆ ಮೊತ್ತವೇ, ಮತ್ತು ಅದರಲ್ಲಿ ಮೊದಲ ಪಾಲು ಬ್ಯಾಂಕಿನದು. ಬಾಕಿ ಸಾಲಕ್ಕಿಂತ ಕೆಳಗೆ ಐಡಿವಿಯನ್ನು ಎಂದೂ ಇಳಿಸಬೇಡಿ. ಇವೆಲ್ಲಕ್ಕಿಂತ ಹೆಚ್ಚು ಉಳಿತಾಯ ಸಿಗುವುದು, ಅದೇ ಐಡಿವಿ, ಅದೇ ಕವರುಗಳನ್ನು ಇಟ್ಟುಕೊಂಡು ಮೂರು ನಾಲ್ಕು ಕಂಪನಿಗಳ ದರ ಕೇಳುವುದರಿಂದ. ಶೋರೂಮಿನವರು ಹೇಳಿದ ದರವನ್ನೇ ಪ್ರತಿ ವರ್ಷ ಒಪ್ಪುತ್ತ ಬಂದವರಿಗೆ ವ್ಯತ್ಯಾಸ ಕಂಡು ಆಶ್ಚರ್ಯವಾಗುತ್ತದೆ. ಕಂಪನಿ ಬದಲಿಸಿದರೂ ಬೋನಸ್ ನಿಮ್ಮ ಜೊತೆಗೇ ಬರುತ್ತದೆ.

ಕೆಲವು ತಿಂಗಳು ಊರಿಗೆ ಹೋಗಿ ಕಾರನ್ನು ಶೆಡ್ಡಿನಲ್ಲಿ ಬಿಡುವ ಯೋಚನೆ ಇದ್ದವರಿಗೆ, ಓಡಿಸದೆ ನಿಲ್ಲಿಸಿದ ವಾಹನಕ್ಕೆ ರಿಯಾಯಿತಿ ಕೊಡುವ ವಿಧಿ ಅದೇ ಟ್ಯಾರಿಫ್‌ನಲ್ಲಿದೆ. ಮೊದಲೇ ಲಿಖಿತವಾಗಿ ತಿಳಿಸಬೇಕು. ಆನ್‌ಲೈನಿನಲ್ಲಿ ಇದಕ್ಕೆ ಗುಂಡಿ ಇರುವುದಿಲ್ಲ; ಶಾಖೆಗೆ ಹೋಗಿ ಹಳೆಯ ಅಧಿಕಾರಿಯೊಬ್ಬರನ್ನು ಹಿಡಿದು ಕೇಳಬೇಕು. ಊರಿಗೆ ಹೋದ ಮಾತ್ರಕ್ಕೆ ಪ್ರೀಮಿಯಂ ಇಳಿಯುತ್ತದೆಂದು ಎಣಿಸಬೇಡಿ. ಬೆಂಗಳೂರು, ಮುಂಬೈ, ದೆಹಲಿ, ಚೆನ್ನೈ, ಕೋಲ್ಕತ್ತ, ಹೈದರಾಬಾದ್, ಅಹಮದಾಬಾದ್, ಪುಣೆ ಈ ಎಂಟು ನಗರಗಳು ‘ಎ’ ವಲಯ, ಉಳಿದ ದೇಶವೆಲ್ಲ ‘ಬಿ’ ವಲಯ ಎಂಬ ವಿಂಗಡಣೆ ಇರುವುದು ನಿಜ. ಆದರೆ ವಲಯ ತೀರ್ಮಾನವಾಗುವುದು ಕಾರು ನೋಂದಣಿಯಾದ ಕಚೇರಿಯಿಂದ; ಹಾವೇರಿಯ ಅಂಗಳದಲ್ಲಿ ನಿಂತ ಬೆಂಗಳೂರು ನೋಂದಣಿಯ ಕಾರು ‘ಎ’ ವಲಯದ್ದೇ.

ಸಣ್ಣ ಕ್ಲೈಮುಗಳ ಬಗ್ಗೆ ಒಂದು ಮಾತು. ಕೈಯಲ್ಲಿ ಹಣವಿಲ್ಲದಾಗ 4,000 ರೂಪಾಯಿಯ ಬಂಪರ್ ಗೀರಿಗೂ ಕ್ಲೈಮ್ ಹಾಕುವ ಮನಸ್ಸಾಗುತ್ತದೆ. ಕಡ್ಡಾಯ ಕಡಿತ, ಸವಕಳಿ ಕಳೆದು ಕೈಗೆ ಬರುವುದು ಎರಡು ಸಾವಿರದ ಆಸುಪಾಸು. ಒಂದೇ ಒಂದು ಕ್ಲೈಮಿಗೆ, ಅದರ ಮೊತ್ತ ಎಷ್ಟೇ ಇರಲಿ, ಇಡೀ ಬೋನಸ್ ಸೊನ್ನೆಯಾಗುತ್ತದೆ. ಮೇಲೆ ಹೇಳಿದ 14,160 ರೂಪಾಯಿಯ ಲೆಕ್ಕ ಅಲ್ಲಿಂದ ಶುರುವಾಗುತ್ತದೆ. ಗೀರು ಹಾಗೆಯೇ ಇರಲಿ, ಕಾರಿನ ಓಟಕ್ಕೆ ಅದರಿಂದ ತೊಂದರೆಯಿಲ್ಲ.

ನೀವು ಕೇಳಿಲ್ಲ, ಆದರೆ ನಿಮ್ಮ ಸ್ಥಿತಿಯಲ್ಲಿರುವ ಬಹಳ ಜನ ಮಾಡುವುದರಿಂದ ಹೇಳಲೇಬೇಕು. ಕೆಲಸ ಸಿಗುವ ತನಕ ಕಾರನ್ನು ಬಾಡಿಗೆಗೆ ಓಡಿಸೋಣ, ವಿಮಾನ ನಿಲ್ದಾಣಕ್ಕೆ ಜನರನ್ನು ಬಿಡೋಣ, ಪಾರ್ಸೆಲ್ ಸಾಗಿಸೋಣ ಎಂಬ ಯೋಚನೆ ಸಹಜ. ವೈಟ್ ಬೋರ್ಡ್ ಕಾರಿನ ಪಾಲಿಸಿಯಲ್ಲಿ ಬಾಡಿಗೆ ಬಳಕೆಯನ್ನೂ ಸರಕು ಸಾಗಣೆಯನ್ನೂ ಸ್ಪಷ್ಟವಾಗಿ ಹೊರಗಿಟ್ಟಿರುತ್ತಾರೆ. ಅಂಥ ಓಟದಲ್ಲಿ ಅಪಘಾತವಾದರೆ ನಿಮ್ಮ ಕಾರಿನ ದುರಸ್ತಿಗೆ ಕಂಪನಿ ಒಲ್ಲೆ ಎನ್ನಬಹುದು. ಗಾಯಗೊಂಡವರಿಗೆ ನ್ಯಾಯಮಂಡಳಿಯ ಆದೇಶದಂತೆ ಪರಿಹಾರ ಕೊಟ್ಟರೂ ಆ ಮೊತ್ತವನ್ನು ನಿಮ್ಮಿಂದ ವಸೂಲಿ ಮಾಡಲು ಬರಬಹುದು. ನಮ್ಮ ಕಡತಗಳಲ್ಲಿ ಇಂಥವು ಹೊರಬರುತ್ತಿದ್ದುದು ಒಂದೇ ರೀತಿಯಲ್ಲಿ: ಹಿಂದಿನ ಸೀಟಿನಲ್ಲಿದ್ದವರು ಪೊಲೀಸರ ಮುಂದೆ ‘ಇಷ್ಟು ಬಾಡಿಗೆ ಮಾತಾಡಿದ್ದೆವು’ ಎಂದು ಹೇಳಿಕೆ ಕೊಟ್ಟಿರುತ್ತಿದ್ದರು. ಬಾಡಿಗೆಗೇ ಓಡಿಸುವುದಾದರೆ ಪರ್ಮಿಟ್ ಪಡೆದು, ಹಳದಿ ಬೋರ್ಡಿಗೆ ಬದಲಿಸಿ, ವಾಣಿಜ್ಯ ಪಾಲಿಸಿ ಮಾಡಿಸಿ. ಅದರ ಪ್ರೀಮಿಯಂ ಹೆಚ್ಚು. ಕೆಲಸ ಹೋದದ್ದರಿಂದ ವಿಮೆಯ ದರ ನೇರವಾಗಿ ಏರುವ ಪ್ರಸಂಗ ಇದೊಂದೇ.

ಸಾಲ ಕೊಟ್ಟವರ ಕಾಟಕ್ಕೆ ಹೆದರಿ ಕಾರನ್ನು ಹೆಂಡತಿಯ ಹೆಸರಿಗೆ ವರ್ಗಾಯಿಸುವವರೂ ಇದ್ದಾರೆ. ಬೋನಸ್ ವ್ಯಕ್ತಿಯದ್ದೇ ಹೊರತು ಕಾರಿನದ್ದಲ್ಲ. ಮಾಲೀಕ ತೀರಿಕೊಂಡಾಗ ಹತ್ತಿರದ ವಾರಸುದಾರರಿಗೆ ಹೋಗುವುದನ್ನೂ, ಕೊನೆಯಲ್ಲಿ ಹೇಳುವ ಸಂಸ್ಥೆಯ ಕಾರಿನ ಸಂದರ್ಭವನ್ನೂ ಬಿಟ್ಟರೆ, ಹೆಸರು ಬದಲಾದ ದಿನ ಅದು ಆ ಕಾರಿನಿಂದ ಕಳಚಿಕೊಳ್ಳುತ್ತದೆ. ಕಾರನ್ನು ಮಾರಿಯೇ ಬಿಡುವ ತೀರ್ಮಾನಕ್ಕೆ ಬಂದರೆ, ಮಾರಾಟದ ದಾಖಲೆ ಕೊಟ್ಟು ಕಂಪನಿಯಿಂದ ಬೋನಸ್ ಕಾಯ್ದಿರಿಸುವ ಪತ್ರ ಪಡೆದುಕೊಳ್ಳಿ. ಮೂರು ವರ್ಷದೊಳಗೆ ಇನ್ನೊಂದು ಕಾರು ಕೊಂಡಾಗ ಅದೇ ಶೇಕಡಾವಾರು ಸಿಗುತ್ತದೆ. ಕೊಂಡವರ ಹೆಸರಿಗೆ ಆರ್‌ಸಿ ಬದಲಾಗುವ ತನಕ ಬೆನ್ನು ಬಿಡಬೇಡಿ.

ಸಾಲದ ಜೊತೆಗೆ ‘ಕೆಲಸ ಹೋದರೆ ಕೆಲವು ಕಂತು ನಾವೇ ಕಟ್ಟುತ್ತೇವೆ’ ಎಂಬ ಪಾಲಿಸಿಯನ್ನೂ ನಿಮಗೆ ಮಾರಿದ್ದರೆ, ಅದನ್ನೊಮ್ಮೆ ತೆಗೆದು ಓದಿ. ಇಂಥವು ಸಾಮಾನ್ಯವಾಗಿ ಕೆಲಸದಿಂದ ತೆಗೆದುಹಾಕಿದವರಿಗೆ ಅನ್ವಯಿಸುತ್ತವೆ, ತಾವಾಗಿ ರಾಜೀನಾಮೆ ಕೊಟ್ಟವರಿಗಲ್ಲ. ನಿಮ್ಮಿಂದ ರಾಜೀನಾಮೆ ಬರೆಸಿಕೊಂಡಿರುವುದು ಇಲ್ಲಿ ತೊಡಕಾಗಬಹುದು. ಸಿಬ್ಬಂದಿ ಕಡಿತದ ಕಾರಣಕ್ಕೆ ಹೊರಬಂದದ್ದೆಂದು ತೋರಿಸುವ ಇ-ಮೇಲ್, ಪರಿಹಾರದ ಲೆಕ್ಕದ ಕಾಗದ ಏನಿದ್ದರೂ ಜೋಡಿಸಿ ಅರ್ಜಿ ಹಾಕಿ.

ಕೊನೆಯದಾಗಿ ನಿಮ್ಮ ಸ್ನೇಹಿತರ ಕಾರು. ಇಷ್ಟು ವರ್ಷ ಪಾಲಿಸಿ ಸಂಸ್ಥೆಯ ಹೆಸರಿನಲ್ಲಿದ್ದುದರಿಂದ ಬೋನಸ್ ಸಂಸ್ಥೆಯದು, ತಮ್ಮದು ಸೊನ್ನೆಯಿಂದ ಶುರು ಎಂದು ಅವರಿಗೆ ಶೋರೂಮಿನಲ್ಲಿ ಹೇಳಿರಬಹುದು. ಇದಕ್ಕೆ ಒಂದು ವಿನಾಯಿತಿ ಇದೆ, ಮತ್ತು ಕೌಂಟರಿನಲ್ಲಿ ಕುಳಿತ ಅನೇಕರಿಗೇ ಅದು ಗೊತ್ತಿರುವುದಿಲ್ಲ. 2002ರ ಇಂಡಿಯಾ ಮೋಟಾರ್ ಟ್ಯಾರಿಫ್‌ನ ನೋ ಕ್ಲೈಮ್ ಬೋನಸ್ ವಿಧಿಯ ಪ್ರಕಾರ, ಸಂಸ್ಥೆಯ ಒಡೆತನದ ಕಾರನ್ನು ಒಬ್ಬ ನೌಕರನಿಗೇ ಹಂಚಿಕೆ ಮಾಡಿ ಅವನೊಬ್ಬನೇ ಬಳಸುತ್ತಿದ್ದು, ಆಮೇಲೆ ಅದೇ ಕಾರನ್ನು ಅವನ ಹೆಸರಿಗೆ ವರ್ಗಾಯಿಸಿದರೆ, ಆ ಅವಧಿಯಲ್ಲಿ ಗಳಿಸಿದ ಬೋನಸ್ ಅವನಿಗೆ ಸಲ್ಲಬೇಕು. ಅದಕ್ಕೆ ಬೇಕಾಗಿರುವುದು, ಇಂತಿಂಥ ಅವಧಿಯಲ್ಲಿ ಈ ಕಾರು ಇವರಿಗೇ ಹಂಚಿಕೆಯಾಗಿತ್ತು ಮತ್ತು ಇವರೊಬ್ಬರೇ ಬಳಸುತ್ತಿದ್ದರು ಎಂದು ಸಂಸ್ಥೆ ಕೊಡುವ ಒಂದು ಪತ್ರ. ಕಾರು ಸಂಸ್ಥೆಯದ್ದಾಗಿರದೆ ಲೀಸಿಂಗ್ ಕಂಪನಿಯ ಹೆಸರಿನಲ್ಲಿದ್ದರೆ ವಾದಕ್ಕೆ ಜಾಗವಾಗುತ್ತದೆ. ಆರ್‌ಸಿಯಲ್ಲಿ ಮಾಲೀಕರೆಂದು ಯಾರ ಹೆಸರಿದೆ ಎಂಬುದನ್ನು ಮೊದಲು ನೋಡಿಕೊಳ್ಳಲಿ. ಹೆಸರು ಬದಲಾದ ಮೇಲೆ 14 ದಿನದೊಳಗೆ ಪಾಲಿಸಿಯ ವರ್ಗಾವಣೆಗೂ ಅರ್ಜಿ ಕೊಡಬೇಕು. ಥರ್ಡ್ ಪಾರ್ಟಿ ಭಾಗ ಕಾನೂನಿನಿಂದಲೇ ಕಾರಿನ ಜೊತೆ ಬಂದರೂ, ಓನ್ ಡ್ಯಾಮೇಜ್ ಭಾಗ ಹಾಗೆ ತಾನಾಗಿ ಬರುವುದಿಲ್ಲ. ಪತ್ರದ ವಿಷಯದಲ್ಲಿ ನಿಮ್ಮ ಸ್ನೇಹಿತರು ತಡಮಾಡುವುದು ಬೇಡ: ಲೆಕ್ಕ ಚುಕ್ತಾ ಆಗುವ ಮೊದಲು ಎಚ್‌ಆರ್ ವಿಭಾಗದವರು ಒಂದೇ ದಿನದಲ್ಲಿ ಸಹಿ ಹಾಕಿ ಕೊಡುವ ಕಾಗದಕ್ಕೆ, ಆಮೇಲೆ ತಿಂಗಳುಗಟ್ಟಲೆ ಫೋನ್ ಮಾಡಬೇಕಾಗುತ್ತದೆ.